ಒಂದು ಮುಖ ಕಮ್ಮಿ

ಅವರ ಎಡಗಣ್ಣಿನ ಕೆಳಗೆ ಜಾಲಿಮುಳ್ಳು ಗೀರಿದ ಗುರುತಿತ್ತು, ರೆಪ್ಪೆಯಿಂದ ಅರ್ಧ ಕೆನ್ನೆಯವರೆಗೆ. ಆ ಗೀರಿನಿಂದ ಕೆಳರೆಪ್ಪೆ ಜಗ್ಗಿಕೊಂಡು ಆ ಕಣ್ಣು ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಭಾನುವಾರ ಚಳ್ಳಕೆರೆಯಲ್ಲಿ ನಮ್ಮ ಚರ್ಚಿನ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಕೈ ಮುಗಿಯುವುದಕ್ಕೆ ಬೇಕಾಗುವುದಕ್ಕಿಂತ ಒಂದು ಉಸಿರು ಹೆಚ್ಚು ಹೊತ್ತು. ಹೊಸದಾಗಿ ಬಂದ ಸೊಸೆಯರು ಸೆರಗು ಎಳೆದುಕೊಂಡು ಬೇಗ ಒಳಗೆ ಸರಿಯುತ್ತಿದ್ದರು. ಹಳೆಯ ಹೆಂಗಸರು ಬಿಡುತ್ತಿರಲಿಲ್ಲ.

"ಏನ್ರಿ ಹಿರಿಯರೇ, ಹೆಣ್ಣು ನೋಡಾಕೆ ಬಂದಂಗೆ ನೋಡ್ತೀರಲ್ಲ."

"ನಿನ್ನ ನೋಡಿ ಏನ್ ಮಾಡ್ಲವ್ವ, ಒಂದು ಹಲ್ಲಾದ್ರೂ ಉಳಿದೈತಾ?"

ಅವರು ಕುರಿ ಸಾಕುವವರು. ಕುರಿ ಮೇಯುವ ದೊಡ್ಡಉಳ್ಳಾರ್ತಿ ಕಾವಲಿನ ಅಂಚಿನಲ್ಲಿ ಮನೆ, ಮನೆಯ ಪಕ್ಕದಲ್ಲೇ ಕುರಿ ಕೂಡುವ ಮುಳ್ಳುಬೇಲಿಯ ರೊಪ್ಪ. ನಮ್ಮ ಚರ್ಚಿನ ಸಭೆಯಲ್ಲಿ ಇಪ್ಪತ್ತು ವರ್ಷ ಹಿರಿಯರ ಸ್ಥಾನದಲ್ಲಿದ್ದರು. ರಕ್ತಸಂಬಂಧ ಏನೂ ಇಲ್ಲದಿದ್ದರೂ ನಾನು ದೊಡ್ಡಪ್ಪ ಎನ್ನುತ್ತಿದ್ದೆ. ಅವರು ತೀರಿಹೋಗಿ ಮೂರು ತಿಂಗಳಾಯಿತು. ಹೋದ ಮೇಲೂ ಅವರ ಮೇಲೆ ಒಂದು ಮಾತು ಉಳಿದಿದೆ: ಪರದೇಶದಲ್ಲಿ ಒಬ್ಬ ಮುದುಕಿಯನ್ನು ಬಿಟ್ಟು ಬಸ್ಸು ಹತ್ತಿದ ಹಿರಿಯ ಎಂದು. ಆ ಮುದುಕಿ ನನ್ನ ಅವ್ವ. ಬಿಟ್ಟು ಬಂದವರು ಅವರಲ್ಲ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ಮೊಳಕಾಲ್ಮೂರಿನವರು. ಅಪ್ಪ ತೀರಿಕೊಂಡಾಗ ನಾನು ಹತ್ತನೇ ಕ್ಲಾಸು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ನಿಂತಿತ್ತು. ದೊಡ್ಡಪ್ಪ ನಮ್ಮ ಮನೆಯ ಬುಧವಾರದ ಪ್ರಾರ್ಥನೆಗೆ ಬಸ್ಸಿನಲ್ಲಿ ಬರುತ್ತಿದ್ದರು, ಹೆಗಲ ಮೇಲೆ ಕರಿ ಕಂಬಳಿ, ಮೈಯೆಲ್ಲ ಕುರಿಯ ವಾಸನೆ. ಬಸ್ಸಿನಲ್ಲಿ ತಮ್ಮ ಪಕ್ಕದ ಸೀಟು ಯಾವಾಗಲೂ ಖಾಲಿ ಇರುತ್ತದೆ, ಕಾಲು ಚಾಚಿಕೊಂಡು ಬರಬಹುದು ಎಂದು ತಾವೇ ನಗುತ್ತಿದ್ದರು. ಅಪ್ಪ ಹೋದ ಮೇಲಿನ ಮೊದಲ ಬುಧವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಹೋದರು, ಅವರು ಹೋಗಲಿಲ್ಲ. ಗುಂಡಿ ಮಗ್ಗದ ಅಂಚಿನಲ್ಲಿ ಕೂತು, "ನಾನು ಇಲ್ಲೇ ಕೂತಿರ್ತೀನಿ, ನೀನು ಇಳಿಯವ್ವ" ಎಂದು ಅವ್ವನಿಗೆ ಹೇಳಿದರು. ಅವ್ವ ಗುಂಡಿಗೆ ಇಳಿದು, ಅಪ್ಪ ಬಿಟ್ಟ ಕಡೆಯಿಂದ ನೇಯಲು ಶುರು ಮಾಡಿದಳು. ಅವತ್ತು ಅವರು ಬೈಬಲ್ಲಿನ ಒಂದು ವಾಕ್ಯವನ್ನೂ ಓದಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೊನೆಯ ಬಸ್ಸಿಗೆ ಎದ್ದು ಹೋದರು.

ಅವರು ಕುರಿಯನ್ನು ಎಣಿಸುತ್ತಿರಲಿಲ್ಲ. ಎಣಿಸಿದರೆ ಮಂದೆಗೆ ದೃಷ್ಟಿಯಾಗುತ್ತದೆ ಎಂಬುದು ಅವರ ತಾತನ ಕಾಲದ ನಂಬಿಕೆ. ದೀಕ್ಷಾಸ್ನಾನ ತೆಗೆದುಕೊಂಡಾಗ ಹಳೆಯದು ಎಷ್ಟೋ ಬಿಟ್ಟರು, ಇದನ್ನು ಬಿಡಲಿಲ್ಲ. "ಎಷ್ಟದಾವೆ ದೊಡ್ಡಪ್ಪ?" ಎಂದರೆ "ಇರಬೇಕಾದಷ್ಟು ಅದಾವೆ" ಎನ್ನುತ್ತಿದ್ದರು. ಸಂಜೆ ರೊಪ್ಪದ ಬಾಯಲ್ಲಿ ಕೋಲು ಅಡ್ಡ ಹಿಡಿದು, ಒಂದೊಂದನ್ನೇ ಒಳಗೆ ಬಿಡುತ್ತ ಮುಖ ನೋಡುವರು. ಯಾವುದೋ ಒಂದು ಬಂದಿಲ್ಲ ಎಂದರೆ ಅದರ ಬಣ್ಣ, ಕಿವಿ, ಅದರ ತಾಯಿ ಯಾವುದು, ಎಲ್ಲ ಹೇಳುವರು. ಚರ್ಚಿನ ಬಾಗಿಲಲ್ಲಿ ಅವರು ನಿಲ್ಲುತ್ತಿದ್ದುದೂ ಇದೇ ಅಭ್ಯಾಸದಿಂದ. ಯಾರು ಬಂದಿಲ್ಲವೋ ಅವರ ಮನೆಗೆ ಸೋಮವಾರ ಬೆಳಿಗ್ಗೆ ಹೋಗಿರುತ್ತಿದ್ದರು.

ಕೆಲವು ವರ್ಷಗಳ ಹಿಂದೆ, ಈಗಿನ ಯುದ್ಧ ಶುರುವಾಗುವ ಮೊದಲು, ನಮ್ಮ ಸಭೆಯವರು ಯೆರೂಸಲೇಮಿಗೆ ಯಾತ್ರೆ ಹೊರಟೆವು. ಪಾಸ್ಟರ್ ಅಯ್ಯನವರು, ದೊಡ್ಡಪ್ಪ, ಅವ್ವ, ನಾನು, ಉಳಿದವರು ಸೇರಿ ಇಪ್ಪತ್ನಾಲ್ಕು ಜನ. ಜೊತೆಗೆ ಟ್ರಾವೆಲ್ಸ್ ಕಡೆಯಿಂದ ಒಬ್ಬ ಮ್ಯಾನೇಜರು, ಬೆಂಗಳೂರಿನವರು. ಅವರು ಎಲ್ಲರಿಗೂ ಒಂದೇ ಥರದ ಕೆಂಪು ಟೋಪಿ ಕೊಟ್ಟರು, ಗುಂಪಿನ ಗುರುತಿಗೆ. ದೊಡ್ಡಪ್ಪ ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎಲ್ಲಾರಿಗೂ ಒಂದೇ ಬಣ್ಣ ಬಳಿದ್ರೆ ಯಾರು ಯಾರು ಅಂತ ಹೆಂಗೆ ಗೊತ್ತಾಗ್ತೈತ್ರಿ?"

"ಅದಕ್ಕೇ ನಾನು ಎಣಿಸ್ತೀನಲ್ಲ ಸಾರ್. ಪ್ರತಿ ಸ್ಟಾಪಿನಲ್ಲೂ ಇಪ್ಪತ್ನಾಲ್ಕು."

"ನೀವು ಎಣಿಸ್ರಿ. ನಾನು ಬಾಗಲಾಗೆ ನಿಂತಿರ್ತೀನಿ."

ಹಾಗೇ ಆಯಿತು. ಒಂಬತ್ತು ದಿನ, ಬಸ್ಸು ನಿಂತಲ್ಲೆಲ್ಲ ಮ್ಯಾನೇಜರು ಒಳಗೆ ಬೆರಳು ಮಾಡಿ ಎಣಿಸುವರು, ದೊಡ್ಡಪ್ಪ ಬಾಗಿಲಲ್ಲಿ ಮುಖ ನೋಡುವರು. ಯೊರ್ದನ್ ಹೊಳೆ ನೋಡಿದಾಗ ಅವರ ಬಾಯಿಂದ "ಇಷ್ಟೇನಾ?" ಎಂದು ಬಂದುಬಿಟ್ಟಿತು. ಇಪ್ಪತ್ತು ವರ್ಷ ನಮಗೆ ಅದನ್ನು ಸಮುದ್ರದ ಹಾಗೆ ವರ್ಣಿಸಿದ್ದವರು ಅವರೇ. ಆಮೇಲೆ ನಾಚಿಕೊಂಡು, ಪಂಚೆ ಎತ್ತಿ ಕಟ್ಟಿ ಇಳಿದು, ತುಂಬ ಹೊತ್ತು ನೀರಿನಲ್ಲಿ ನಿಂತಿದ್ದರು. ಬೋಳುಗುಡ್ಡಗಳ ಮೇಲೆ ಅಲ್ಲಿಯ ಕುರಿಗಳು ಕಂಡಾಗ ಮಾತ್ರ ಮಗುವಿನ ಹಾಗೆ ಕಿಟಕಿಗೆ ಅಂಟಿಕೊಂಡರು. "ಬಾಲ ನೋಡಮ್ಮ! ತಲೆದಿಂಬು ಕಟ್ಟಿದಂಗೆ ಐತೆ!"

ಕೊನೆಯ ದಿನ ಶುಕ್ರವಾರ. ಬೆಳಿಗ್ಗೆ ಯೆರೂಸಲೇಮಿನ ಹಳೆಯ ಪೇಟೆಯ ಗಲ್ಲಿಗಳಲ್ಲಿ ನಡೆದು, ಸಮಾಧಿಯ ಚರ್ಚು ನೋಡಿ, ಅಲ್ಲಿಂದ ನೇರವಾಗಿ ಯೊರ್ದನ್ ಹೊಳೆಯ ಮೇಲಿನ ಗಡಿಯ ಸೇತುವೆಗೆ ಹೋಗಬೇಕಿತ್ತು. ಶುಕ್ರವಾರ ಆ ಸೇತುವೆ ಮಧ್ಯಾಹ್ನಕ್ಕೇ ಮುಚ್ಚುತ್ತದೆ. ದಾಟಿದರೆ ಆಚೆ ದೇಶದಲ್ಲಿ ಸಂಜೆಗೆ ನಮ್ಮ ವಿಮಾನ. ನಮ್ಮೆಲ್ಲರ ಹೆಸರೂ ಒಂದೇ ಕಾಗದದಲ್ಲಿತ್ತು, ಎಲ್ಲರೂ ಒಟ್ಟಿಗೇ ದಾಟಬೇಕು.

ನನಗೆ ಹಿಂದಿನ ದಿನದಿಂದ ವಾಂತಿ. ಚರ್ಚು ನೋಡಿ ಬರುವಾಗ ಗಲ್ಲಿಯಲ್ಲಿ ತಲೆ ಸುತ್ತಿ, ಅವ್ವ ಉಳಿದವರ ಜೊತೆ ಬರುತ್ತಾಳೆಂದುಕೊಂಡು, ಎಲ್ಲರಿಗಿಂತ ಮುಂಚೆ ಬಂದು ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟೆ. ಬಸ್ಸು ನಿಲ್ಲುವ ಜಾಗದಲ್ಲಿ ಹತ್ತಾರು ಬಸ್ಸು, ಎಲ್ಲವೂ ಬಿಳಿ. ಅದೇ ಟ್ರಾವೆಲ್ಸ್‌ನವರು ಕರೆತಂದ ಇನ್ನೊಂದು ಗುಂಪೂ ಅಲ್ಲಿತ್ತು, ಗುಂಟೂರು ಕಡೆಯವರು. ಅವರ ತಲೆಯ ಮೇಲೂ ಕೆಂಪು ಟೋಪಿ. ಇದು ಆಮೇಲೆ ಗೊತ್ತಾದದ್ದು.

ಜನ ಹತ್ತುವ ಸದ್ದು ಕೇಳಿತು. ನಾನು ಕಣ್ಣು ಮುಚ್ಚಿಕೊಂಡೇ ಕೂಗಿದೆ. ಮೊಳಕಾಲ್ಮೂರಿನಲ್ಲಿ ಮನೆಯೊಳಗೆ ಅವ್ವನೂ ನಾನೂ ಅರ್ಧ ಮಾತು ತೆಲುಗಿನಲ್ಲೇ ಆಡುವುದು. ಮೈ ಹುಷಾರಿಲ್ಲದಾಗ ನನಗೆ ಬಾಯಿಗೆ ಬರುವುದೂ ಅದೇ.

"ಅಮ್ಮಾ, ವಚ್ಚಾವಾ?"

"ವಚ್ಚಾನಮ್ಮಾ, ವಚ್ಚಾನು" ಎಂದು ಮುಂದಿನಿಂದ ಒಂದು ಮುದಿ ದನಿ ಬಂತು. ಬಂದೆನಮ್ಮಾ, ಬಂದೆ.

ನನಗೆ ಅಷ್ಟು ಸಾಕಾಯಿತು.

ಅವತ್ತು ದೊಡ್ಡಪ್ಪ ಬಾಗಿಲಲ್ಲಿ ಇರಲಿಲ್ಲ. ಪಾಸ್ಟರ್ ಅಯ್ಯನವರು ಶಿಲುಬೆ ಮಾರುವ ಅಂಗಡಿಯಲ್ಲಿ ಹಿಂದೆ ಉಳಿದಿದ್ದರು, ಅವರನ್ನು ಕರೆತರಲು ಮ್ಯಾನೇಜರು ದೊಡ್ಡಪ್ಪನನ್ನೇ ಕಳಿಸಿದ್ದರು. ಇಬ್ಬರೂ ಓಡಿಬಂದು ಹತ್ತುವಾಗ ಬಸ್ಸು ಆಗಲೇ ಹೊರಡುತ್ತಿತ್ತು. ಮ್ಯಾನೇಜರು ಎಣಿಸಿದರು. ಇಪ್ಪತ್ನಾಲ್ಕು. ಸರಿ ಇತ್ತು. ಆದರೂ ದೊಡ್ಡಪ್ಪ ಏದುಸಿರು ಬಿಡುತ್ತ ಮುಂದಿನಿಂದಲೇ ಕೇಳಿದರು.

"ಮಗಳೇ, ಅವ್ವ ಬಂದ್ಲಾ?"

"ಬಂದಾಳೆ ದೊಡ್ಡಪ್ಪ. ಮುಂದೆ ಅದಾಳೆ."

ನೋಡದೆ ಹೇಳಿದೆ. ಅವರು ನನ್ನ ಮಾತು ನಂಬಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತರು.

ಅರ್ಧ ಗಂಟೆಯಾಗಿರಬೇಕು. ಬಸ್ಸು ಯೆರಿಕೋ ಕಡೆಗೆ ಇಳಿಜಾರಿನಲ್ಲಿ ಇಳಿಯುತ್ತಿತ್ತು, ಕಿವಿ ಮುಚ್ಚಿಕೊಳ್ಳುತ್ತಿತ್ತು. ದೊಡ್ಡಪ್ಪ ಎದ್ದು ನಿಂತದ್ದು ಕಂಡಿತು. ಸೀಟು ಹಿಡಿದುಕೊಂಡು ಒಂದೊಂದೇ ಸಾಲು ನೋಡುತ್ತ ಬಂದರು. ಎರಡನೆಯ ಸಾಲಿನ ಹತ್ತಿರ ನಿಂತರು. ಅಲ್ಲಿ ಅವ್ವನ ಜಾಗದಲ್ಲಿ ಟೋಪಿಯ ಮೇಲೆ ಸೆರಗು ಎಳೆದುಕೊಂಡು ಒಬ್ಬಾಕೆ ನಿದ್ದೆ ಮಾಡುತ್ತಿದ್ದಳು. ದೊಡ್ಡಪ್ಪ ಮುಖಕ್ಕೆ ಬದಲು ಆಕೆಯ ಕಾಲು ನೋಡುತ್ತಿದ್ದರು.

"ಒಂದು ಮೊಖ ಕಮ್ಮಿ ಐತೆ" ಎಂದರು.

ಮ್ಯಾನೇಜರು ಎದ್ದು ಮತ್ತೆ ಎಣಿಸಿದರು. "ಇಪ್ಪತ್ನಾಲ್ಕು ಸರಿ ಇದೆ ಸಾರ್. ಕೂತ್ಕೊಳಿ, ತಿರುವು ಇದೆ."

"ಲೆಕ್ಕ ಸರಿ ಐತ್ರಿ. ಮಂದಿ ಸರಿ ಇಲ್ಲ. ಇನ್ನೊಬ್ಬರ ಕುರಿ ಸೇರ್ಕೊಂಡ್ರೂ ಲೆಕ್ಕ ಸರಿನೇ ಬರ್ತೈತೆ." ಆಮೇಲೆ ಹಿಂದೆ ತಿರುಗಿ ನನ್ನನ್ನು ಕರೆದರು. "ಬಾರಮ್ಮ ಇಲ್ಲಿ. ಇದು ಮಗ್ಗ ತುಳಿದ ಕಾಲಲ್ಲ."

ಅವ್ವನ ಬಲಗಾಲಿನ ಬೆರಳುಗಳು ಅಪ್ಪನ ಕಾಲದಿಂದಲೂ ನಲವತ್ತು ವರ್ಷ ಮಗ್ಗ ತುಳಿದು ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿವೆ. ಈ ಕಾಲು ಮೆತ್ತಗಿತ್ತು, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಾನು ಭುಜ ಹಿಡಿದು ಅಲ್ಲಾಡಿಸಿದೆ. ಸೆರಗು ಸರಿಯಿತು. ಗುರುತಿಲ್ಲದ ಮುಖ.

"ಎವರಮ್ಮಾ ನುವ್ವು?" ಎಂದು ಆಕೆಯೇ ನನ್ನನ್ನು ಕೇಳಿದಳು. ಯಾರಮ್ಮಾ ನೀನು? ಸುತ್ತ ನೋಡಿ, ಕಿರುಚಿದಳು.

ಅವ್ವನ ಹತ್ತಿರ ಫೋನಿಲ್ಲ, ಅವಳ ಪಾಸ್‌ಪೋರ್ಟು ನನ್ನ ಚೀಲದಲ್ಲಿ. ಕನ್ನಡ, ತೆಲುಗು ಬಿಟ್ಟರೆ ಬೇರೆ ಮಾತು ಬಾರದು. ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಮ್ಯಾನೇಜರು ಫೋನು ಹಚ್ಚಿದರು, ಗುಂಟೂರಿನವರು ತಮ್ಮವಳನ್ನು ಹುಡುಕುತ್ತ ಬಸ್ಸಿನ ಜಾಗದಲ್ಲೇ ಇದ್ದಾರೆ, ಅಲ್ಲಿ ಬೇರೆ ಯಾವ ಮುದುಕಿಯೂ ಇಲ್ಲ ಎಂದರು. ಆಮೇಲೆ ಗಡಿಯಾರ ನೋಡಿಕೊಂಡರು.

"ಹೀಗೆ ಮಾಡೋಣ. ನಾವು ಹೋಗಿ ಸೇತುವೆ ಹತ್ತಿರ ಸಾಲಿನಲ್ಲಿ ನಿಲ್ಲೋಣ. ಇಲ್ಲಿರೋ ನಮ್ಮ ಆಫೀಸಿನವರು ಹುಡುಕಿ ಟ್ಯಾಕ್ಸಿಯಲ್ಲಿ ಕಳಿಸ್ತಾರೆ. ವಾಪಸ್ ಹೋದರೆ ವಿಮಾನ ಖಂಡಿತ ತಪ್ಪುತ್ತೆ."

"ಅದೇ ಸರಿ" ಎಂದು ಮೇಷ್ಟ್ರು ಎದ್ದು ನಿಂತರು. ನಮ್ಮ ಸಭೆಯ ನಿವೃತ್ತ ಮೇಷ್ಟ್ರು, ಆ ಭಾನುವಾರವೇ ಅವರ ಮಗಳ ನಿಶ್ಚಿತಾರ್ಥ. "ಪಾಸ್ಟರ್ ಅಯ್ಯ, ನೀವೇ ಹೇಳ್ರಿ."

ಪಾಸ್ಟರ್ ಅಯ್ಯನವರು ಬೆವರು ಒರೆಸಿಕೊಂಡರು. "ಹಿರಿಯರೇ, ನೀವೊಬ್ಬರು ಇಳಿದು ಹುಡುಕೋದಾದರೆ? ಬೈಬಲ್ಲಿನ ಕತೆಯಲ್ಲೂ ಕಳೆದ ಒಂದು ಕುರಿಗೋಸ್ಕರ ಕುರುಬ ಉಳಿದ ಮಂದೆ ಬಿಟ್ಟು ಒಬ್ಬನೇ ಹೋದ ಅಲ್ವಾ?"

"ಆ ಕತೆ ಹೇಳ್ದಾಗೆಲ್ಲ ನನಗೆ ಹೊಟ್ಟೆ ಉರೀತೈತ್ರಿ ಅಯ್ಯ. ತೋಳ ಬಂದ್ರೆ ಉಳಿದೋವಕ್ಕೆ ಯಾರು ದಿಕ್ಕು? ನಾನಾಗಿದ್ರೆ ಮಂದೆ ಒಟ್ಟಿಗೇ ತಿರುಗಿಸ್ತಿದ್ದೆ." ಆ ಕಿರುಚಿದವಳ ಕಡೆ ಕೈ ತೋರಿಸಿದರು. "ಈ ತಾಯಿನ ಏನ್ ಮಾಡ್ತೀರಿ? ಸೇತುವೆ ಮೇಲೆ ಇಳಿಸ್ತೀರಾ? ಬಸ್ ತಿರುಗಸ್ರಿ."

ದೊಡ್ಡಪ್ಪ ಡ್ರೈವರಿನ ಹತ್ತಿರ ಹೋದರು. ಅವನು ಅಲ್ಲಿಯವನು, ಮಾತು ತಿಳಿಯದು. ಅವನ ಭುಜ ಮುಟ್ಟಿ ಎರಡು ಕೆಂಪು ಟೋಪಿ ತೋರಿಸಿದರು, ಒಂದನ್ನು ಅವನ ಮುಂದಿಟ್ಟು ಇನ್ನೊಂದನ್ನು ಬಂದ ದಾರಿಯ ಕಡೆಗೆ ಹಿಡಿದರು. ಬಾಯಲ್ಲಿ ಒಂದೇ ಮಾತು, "ಅವ್ವ, ಅವ್ವ." ಆ ಮನುಷ್ಯ ಇವರ ಮುಖ ನೋಡಿ, ಮ್ಯಾನೇಜರು ಕೂಗುತ್ತಿದ್ದರೂ ಕೇಳದೆ, ಮುಂದಿನ ತಿರುವಿನಲ್ಲಿ ಬಸ್ಸನ್ನು ಹಿಂದಕ್ಕೆ ತಿರುಗಿಸಿಬಿಟ್ಟ.

ಆ ಏರುದಾರಿಯಲ್ಲಿ ಮ್ಯಾನೇಜರು ಎಲ್ಲರ ಮುಂದೆ ಕೇಳಿದರು. "ಅಮ್ಮ ಬಂದಿದಾರೆ ಅಂತ ಹೇಳಿದ್ದು ಯಾರು? ಯಾರೋ ಹೇಳಿದ್ದು ಕೇಳಿಸಿತು ನನಗೆ."

ನಾನೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡಪ್ಪ ಹೇಳಿದರು:

"ನಾನು ನೋಡ್ಲಿಲ್ಲ. ಬಾಗಲಾಗೆ ನಿಂತಿರಬೇಕಿತ್ತು, ನಿಂತಿರಲಿಲ್ಲ."

ಅದು ಸುಳ್ಳಲ್ಲ. ಆದರೆ ಅವರನ್ನು ಬಾಗಿಲಿನಿಂದ ಕಳಿಸಿದವರು ಯಾರು, ಬಂದಾಳೆ ಎಂದವಳು ಯಾರು, ಎರಡನ್ನೂ ಅವರು ಹೇಳಲಿಲ್ಲ. ನಾನು ಬಾಯಿ ಮುಚ್ಚಿದೆ. ಮೇಷ್ಟ್ರು ಕಿಟಕಿಯ ಕಡೆ ತಿರುಗಿ, "ಕುರಿ ಕಾದಂಗೆ ಅಲ್ಲ ಜನರನ್ನ ಕಾಯೋದು" ಎಂದರು.

ಬಸ್ಸಿನ ಜಾಗದಲ್ಲಿ ಗುಂಟೂರಿನವಳನ್ನು ಅವಳ ಕಡೆಯವರಿಗೆ ಒಪ್ಪಿಸಿದೆವು, ಅವಳ ಮಗಳು ಓಡಿಬಂದು ತಬ್ಬಿಕೊಂಡಳು. ನನಗೆ ಅದನ್ನು ನೋಡಲಾಗಲಿಲ್ಲ. ಗಲ್ಲಿಗಳ ಕಡೆಗೆ ಹೊರಟೆವು, ದೊಡ್ಡಪ್ಪ ಮತ್ತು ನಾನು. ಜನವೋ ಜನ. ಬಂದೂಕು ಹಿಡಿದ ಪೊಲೀಸರು, ನೂಕು, ಹತ್ತು ಕಡೆಗೆ ಒಡೆಯುವ ದಾರಿ. ನಾನು "ಅವ್ವಾ" ಎಂದು ಕೂಗುತ್ತ ಓಡಿದೆ. ಅವರು ರೆಟ್ಟೆ ಹಿಡಿದು ನಿಲ್ಲಿಸಿದರು.

"ಓಡಬ್ಯಾಡ. ನೀನೂ ಕಳೆದೋಗ್ತೀಯ. ಕೊನೆಗೆ ಅವ್ವ ಏನು ನೋಡ್ತಿದ್ಲು? ನೆಪ್ಪು ಮಾಡ್ಕೊ."

"ಗೊತ್ತಿಲ್ಲ ದೊಡ್ಡಪ್ಪ."

"ಗೊತ್ತೈತೆ. ನಿಧಾನಕ್ಕೆ ಹೇಳು. ಕುರಿ ಎಲ್ಲಿ ಮೇವು ಕಂಡಿತ್ತೋ ಅಲ್ಲಿರ್ತೈತೆ. ನಿನ್ನವ್ವಗೆ ಏನು ಇಷ್ಟ?"

ಬಟ್ಟೆ. ಹೋಗುವಾಗ ಒಂದು ಅಂಗಡಿಯ ಮುಂದೆ ಜರಿ ಬಟ್ಟೆ ನೇತುಹಾಕಿದ್ದರು, ಪಾದ್ರಿಗಳು ಹೊದೆಯುವಂಥದ್ದು. ಅವ್ವ ಅದರ ಅಂಚು ಹಿಡಿದು ಮಗುಚಿ ಹಿಂಬದಿ ನೋಡಿದ್ದಳು. ನೇಯುವವರು ಯಾವ ಬಟ್ಟೆಯನ್ನೂ ಮುಂದಿನಿಂದ ನೋಡುವುದಿಲ್ಲ, ಕೆಲಸ ಗೊತ್ತಾಗುವುದು ಹಿಂದೆ. ನಾನೇ "ಬಾರವ್ವ, ಹೊತ್ತಾತು" ಎಂದು ಎಳೆದುಕೊಂಡು ಹೋಗಿದ್ದೆ.

ಅದು ಯಾವ ಗಲ್ಲಿ ಎಂದು ಹುಡುಕುವುದಕ್ಕೆ ಇನ್ನೂ ಅರ್ಧ ಗಂಟೆ ಹಿಡಿಯಿತು. ಎರಡು ಸಲ ಬಂದಲ್ಲಿಗೇ ಬಂದೆವು. ದೊಡ್ಡಪ್ಪ ಪ್ರತಿ ಮುಖವನ್ನೂ ನೋಡುತ್ತಿದ್ದರು, ಕುತ್ತಿಗೆ ನೀಡಿ, ಕಣ್ಣು ಮಿಟುಕಿಸದೆ. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಂಗಡಿಯ ಒಳಗೆ, ಸ್ಟೂಲಿನ ಮೇಲೆ, ಅವ್ವ ಕೂತಿದ್ದಳು. ಕೈಯಲ್ಲಿ ಪುದೀನ ಹಾಕಿದ ಚಹಾದ ಲೋಟ, ತೊಡೆಯ ಮೇಲೆ ಜರಿ ಬಟ್ಟೆ ಮಗುಚಿ ಹರಡಿಕೊಂಡಿದ್ದಳು. ಅಂಗಡಿಯ ಮುದುಕ ಎದುರಿಗೆ ಕೂತು ಏನೋ ಹೇಳುತ್ತಿದ್ದ, ಅವಳು ಮೊಳಕಾಲ್ಮೂರಿನ ಮಾತಿನಲ್ಲಿ ಉತ್ತರ ಕೊಡುತ್ತಿದ್ದಳು. ನಮ್ಮನ್ನು ನೋಡಿ ಅವಳಿಗೆ ಸಿಟ್ಟು ಬಂತು.

"ಎಷ್ಟೊತ್ತು ಆ ಗುಡಿಯೊಳಗೆ? ನಾನು ಇಲ್ಲಿ ಕಾದು ಕಾದು ಮೂರು ಚಾ ಕುಡಿದೆ."

ಅವಳು ಕಳೆದುಹೋಗಿದ್ದು ಅವಳಿಗೇ ಗೊತ್ತಿರಲಿಲ್ಲ. ದೊಡ್ಡಪ್ಪ ಗೋಡೆ ಹಿಡಿದು ಹಾಗೇ ನೆಲದ ಮೇಲೆ ಕೂತುಬಿಟ್ಟರು. ಅವ್ವನ ಮುಖವನ್ನು ನೋಡಿದರು, ಒಂದು ಉಸಿರು ಹೆಚ್ಚು.

"ಹೌದವ್ವ, ತಡ ಆತು" ಎಂದರು.

ಸೇತುವೆ ಮುಚ್ಚಿತ್ತು, ವಿಮಾನ ತಪ್ಪಿತು. ಎರಡು ದಿನ ಯೆರಿಕೋದಲ್ಲಿ ಉಳಿದೆವು. ಮೇಷ್ಟ್ರ ಮಗಳ ನಿಶ್ಚಿತಾರ್ಥ ಮೇಷ್ಟ್ರಿಲ್ಲದೆ ನಡೆಯಿತು. ಊರಿಗೆ ಬಂದ ಮೂರನೆಯ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆ ಕೂಡಿತು. ದೊಡ್ಡಪ್ಪನಿಗೆ ವಯಸ್ಸಾಗಿದೆ, ಜವಾಬ್ದಾರಿ ನೋಡಿಕೊಳ್ಳಲು ಆಗುತ್ತಿಲ್ಲ, ಹಿರಿಯರ ಸ್ಥಾನದಿಂದ ಬಿಡುವು ಕೊಡೋಣ ಎಂದು ಮೇಷ್ಟ್ರು ಹೇಳಿದರು. "ಯಾರದಾದರೂ ಬೇರೆ ಅಭಿಪ್ರಾಯ ಇದೆಯಾ?" ಎಂದು ಪಾಸ್ಟರ್ ಅಯ್ಯನವರು ಕೇಳಿದರು. ನಾನು ಮೂರನೆಯ ಸಾಲಿನಲ್ಲಿದ್ದೆ. ಅವ್ವ ಅವತ್ತು ಬಂದಿರಲಿಲ್ಲ. ಎತ್ತಬೇಕಿದ್ದ ನನ್ನ ಕೈ ತೊಡೆಯ ಮೇಲೇ ಇತ್ತು.

ಮರುವಾರದಿಂದ ಬಾಗಿಲಲ್ಲಿ ಬೇರೆಯವರು ನಿಂತರು. ದೊಡ್ಡಪ್ಪ ಚಪ್ಪಲಿ ಬಿಡುವ ಕಡೆ ಕೊನೆಯ ಸಾಲಿನಲ್ಲಿ ಕೂರುತ್ತಿದ್ದರು. ನಾನು ಒಂದು ಸಲ ಕಾವಲಿಗೆ ಹೋದೆ, ಕ್ಷಮೆ ಕೇಳಬೇಕೆಂದು. ಅವರು ಒಂದು ಮರಿಯ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದರು. ನಾನು ಹೇಳುವುದನ್ನೆಲ್ಲ ಹೇಳಿ ಅತ್ತೆ. ಅವರು ಮುಳ್ಳು ತೆಗೆದು ಮುಗಿಸಿದರು.

"ನಿನ್ನ ಯಾಕೆ ಕೇಳ್ದೆ ನಾನು? ಮರಿನ ಕೇಳ್ತಾರಾ, ನಿಮ್ಮವ್ವ ಎಲ್ಲಿ ಅಂತ? ನಾನೇ ಹೋಗಿ ನೋಡಬೇಕಿತ್ತು. ಬಿಡು, ಮಜ್ಜಿಗೆ ಕುಡಿ."

ಕುಡಿದು ಬಂದೆ. ಅವರೇ ಬಿಡು ಎಂದರಲ್ಲ ಎಂದು ಬಿಟ್ಟೆ. ಹಾಗೇ ವರ್ಷಗಳು ಹೋದವು.

ಒಂದು ಸಂಜೆ ರೊಪ್ಪದ ಬಾಯಲ್ಲಿ ಕುಸಿದರು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟರು. ಚಳ್ಳಕೆರೆಯಲ್ಲಿ ಮಣ್ಣು ಮಾಡುವ ಮುಂಚೆ ಪಾಸ್ಟರ್ ಅಯ್ಯನವರು, ಯಾರಾದರೂ ಎರಡು ಮಾತು ಹೇಳುವುದಿದ್ದರೆ ಹೇಳಿ ಎಂದರು. ನಾನು ಎದ್ದು ನಿಂತೆ. ಬಸ್ಸಿನಲ್ಲಿ ಅವ್ವ ಬಂದಾಳೆ ಎಂದವಳು ನಾನು, ನೋಡದೆ ಹೇಳಿದೆ, ಅವರು ನನ್ನ ಹೆಸರು ಹೇಳದೆ ತಮ್ಮ ಮೇಲೆ ಹಾಕಿಕೊಂಡರು ಎಂದೆ. ಪೂರ್ತಿ ಹೇಳಿದೆ.

ಹೆಂಗಸರು ಬಂದು ನನ್ನನ್ನು ತಬ್ಬಿಕೊಂಡರು. ಹುಷಾರಿರಲಿಲ್ಲ, ನಿನ್ನದೇನು ತಪ್ಪು ಎಂದರು. ಮೇಷ್ಟ್ರು ಕಣ್ಣು ಒರೆಸಿಕೊಂಡು, "ಎಲ್ಲರ ಮುಂದೆ ಒಪ್ಪಿಕೊಳ್ಳೋಕೆ ದೊಡ್ಡ ಮನಸ್ಸು ಬೇಕಮ್ಮ" ಎಂದು ತಲೆಯ ಮೇಲೆ ಕೈಯಿಟ್ಟರು. ಪಾಸ್ಟರ್ ಅಯ್ಯನವರು ನನಗಾಗಿ ಪ್ರಾರ್ಥನೆ ಮಾಡಿದರು. ಪೆಟ್ಟಿಗೆ ಪಕ್ಕದಲ್ಲೇ ಇತ್ತು. ಅವರನ್ನು ತೆಗೆದದ್ದು ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಅವರ ಹೆಸರು ತೊಳೆಯಲು ನಿಂತವಳು ನಾನೇ ಒಳ್ಳೆಯವಳಾಗಿ ಕೂತೆ.

ಮೊಳಕಾಲ್ಮೂರಿನ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತಿದ್ದಳು. ತಾನು ಕಳೆದುಹೋಗಿದ್ದ ಕತೆಯನ್ನು ಅವಳು ಬೇರೆಯವರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದಳು. ನನ್ನ ಪಾಲನ್ನು ಕೇಳಿದ್ದು ಅವತ್ತೇ. ಅವಳು ನನ್ನನ್ನು ತಬ್ಬಿಕೊಂಡಿರಲಿಲ್ಲ. ತಳಕು ದಾಟಿದ ಮೇಲೆ, ಹೊರಗೆ ನೋಡುತ್ತಲೇ ಕೇಳಿದಳು.

"ಅವರು ಚಪ್ಪಲಿ ಹತ್ರ ಕೂರ್ತಿದ್ರಲ್ಲೇ, ಅಷ್ಟು ವರ್ಷ. ಆವಾಗ ನಿನ್ನ ಬಾಯಿಗೆ ಏನಾಗಿತ್ತು?"

ಮೊಳಕಾಲ್ಮೂರಿಗೆ ಮುಂಚಿನ ಹಾನಗಲ್ ಬಂತು. ಜನ ಇಳಿದರು, ಹತ್ತಿದರು. ಅವ್ವ ಎರಡನೆಯ ಸಲ ಕೇಳಲಿಲ್ಲ.